ಮೂವತ್ತು ತುಂಬಿದವನು

ಹೆಸರು ಇವತ್ತೂ ಅಲ್ಲೇ ಇತ್ತು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅಚ್ಚಾದ ಹೆಸರು ತಾನಾಗಿ ಎದ್ದು ಹೋಗುವುದಿಲ್ಲ ಎಂಬುದು ದಸೂಕಿ ಎಫೆಂದಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಹನ್ನೆರಡು ದಿನದಿಂದ, ಬೆಳಿಗ್ಗೆ ವಕೀಲರ ಕಚೇರಿಗೆ ಹೋಗುವ ಮೊದಲು, ಬಯ್ಯೂಮಿಯ ಕಾಫಿ ಅಂಗಡಿಯೊಳಕ್ಕೆ ಒಂದು ಹೆಜ್ಜೆ ಇಟ್ಟು, ಒಲೆಯ ಹೊಗೆಗೆ ಆಗಲೇ ಹಳದಿ ತಿರುಗಿದ್ದ ಆ ಪತ್ರಿಕೆಯ ಹಾಳೆಯ ಮೇಲೆ ಕಣ್ಣಾಡಿಸಿ, ಈಜಿಪ್ಟಿನ ಮೊದಲ ಪಾರ್ಲಿಮೆಂಟಿಗೆ ಆಯ್ಕೆಯಾದ ಇನ್ನೂರ ಚಿಲ್ಲರೆ ಸದಸ್ಯರ ಹೆಸರುಗಳಲ್ಲಿ ಮೂರನೆಯ ಸಾಲಿನ ಕೆಳತುದಿಯ ಒಂದು ಹೆಸರನ್ನು ನೋಡದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ. ರಶ್ವಾನ್ ಬೇ ಗಮ್ರಾವಿ. ಬೇ ಅಂತೆ ಬೇ! ಯಾವ ಸುಲ್ತಾನ ಕೊಟ್ಟ ಬಿರುದು ಅದು? ಪತ್ರಿಕೆಯವನು ಪುಕ್ಕಟೆ ಕೊಟ್ಟದ್ದು. ಹೊಟ್ಟೆಯಲ್ಲಿ ಏನೋ ಹುಳಿಹುಳಿಯಾಗಿ ಮೇಲೆ ಬರುತ್ತಿತ್ತು. ಬೆಳಿಗ್ಗೆ ತಿಂದ ಬೇಯಿಸಿದ ಅವರೆಯದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಹಿಂದಿನ ದಿನ ಅವರೆ ತಿಂದಿರಲಿಲ್ಲ, ಆಗಲೂ ಬಂದಿತ್ತು.

"ಬಾರಯ್ಯ ಎಫೆಂದಿ, ಬಾ," ಎಂದ ಬಯ್ಯೂಮಿ, ಓದಿದವನಿಗೆ ಕೊಡುವ ಆ ಬಿರುದನ್ನು ಎಳೆದು, ಒಲೆಯ ಹಿಂದಿನಿಂದ, ಇಡೀ ಅಂಗಡಿಗೆ ಕೇಳುವ ಹಾಗೆ. "ನಿನ್ನ ತಮ್ಮನ ಮುಖ ನೋಡದೆ ನಿನಗೆ ಹೊತ್ತು ಹುಟ್ಟಲ್ಲ ಅಲ್ವಾ?"

"ತಮ್ಮ ಅಲ್ಲ."

"ಸರಿ, ಅಣ್ಣ."

"ಅಣ್ಣನೂ ಅಲ್ಲ. ಎಂಟು ದಿನ ಹಿಂದೆ ಮುಂದೆ."

"ಅದೇ ಕಣಯ್ಯ, ಒಂದೇ ಎದೆಹಾಲು ಕುಡಿದೋರು. ನಿಮ್ಮವ್ವ ಒಂದು ತೊಡೆ ಮೇಲೆ ನಿನ್ನ, ಇನ್ನೊಂದು ತೊಡೆ ಮೇಲೆ ಅವನನ್ನ ಹಾಕ್ಕೊಂಡು ಕಾಲುವೆ ಕಟ್ಟೆ ಮೇಲೆ ಕೂತಿರೋದನ್ನ ಈ ಕಣ್ಣಲ್ಲೇ ನೋಡಿದೀನಿ ನಾನು. ಎಂಥ ಹೆಂಗಸು! ದೇವರು ಆಯುಸ್ಸು ಕೊಡ್ಲಿ. ಪಾರ್ಲಿಮೆಂಟಿಗೆ ಹೋಗೋ ಹಾಲು ಕುಡಿಸಿದ್ಲು ನೋಡು ಮಗೀಗೆ."

ಹುಕ್ಕಾ ಸೇದುತ್ತಿದ್ದ ಇಬ್ಬರು ನಕ್ಕರು. ದಸೂಕಿಯೂ ನಕ್ಕ. ಹಾಗಾದರೆ ನಾನು ಕುಡಿದದ್ದು ಯಾವ ಹಾಲೋ ಬಯ್ಯೂಮಿ ಎಂದು ಕೇಳಬೇಕೆನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕೋಟಿನ ಒಳಜೇಬಿನಲ್ಲಿದ್ದ ಕಾಗದವನ್ನು ಮೇಲಿನಿಂದಲೇ ಮುಟ್ಟಿ ನೋಡಿಕೊಂಡ, ಮಾತು ಒಳಗೆ ಹೋಯಿತು. ಈ ಬಯ್ಯೂಮಿ ಈಗ ತಾನೇ, ನಾಲ್ಕು ಜನರ ಎದುರಿಗೆ, ಅರಿವಿಲ್ಲದೆಯೇ ಸಾಕ್ಷಿ ಹೇಳಿಬಿಟ್ಟಿದ್ದಾನೆ! ಒಂದು ತೊಡೆಯ ಮೇಲೆ ದಸೂಕಿ, ಇನ್ನೊಂದರ ಮೇಲೆ ರಶ್ವಾನ್. ದಸೂಕಿಗೆ ಈಗ ಇಪ್ಪತ್ತೆಂಟು. ಹಾಗಾದರೆ ರಶ್ವಾನನಿಗೆ ಎಷ್ಟು? ಅಕ್ಷರ ತಿದ್ದಿ ಕಲಿತ ಯಾವ ಮಗುವೂ ಲೆಕ್ಕ ಹಾಕೀತು. ಮೂವತ್ತು ತುಂಬದವನು ಸದಸ್ಯನಾಗುವ ಹಾಗಿಲ್ಲ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಊರಿಗೆಲ್ಲ ಗೊತ್ತಿರುವ ವಿಷಯ, ಊರಲ್ಲಿ ಒಬ್ಬನಿಗೂ ಹೊಳೆದಿಲ್ಲ. ಅಥವಾ ಹೊಳೆದರೂ ಯಾರಿಗೂ ಅದು ವಿಷಯವಲ್ಲ. ಇದೇ ಅವನನ್ನು ಹೆಚ್ಚು ಉರಿಸುತ್ತಿತ್ತು.

ಕಚೇರಿಗೆ ಹೋಗಲಿಲ್ಲ. ಮಧ್ಯಾಹ್ನ ಇಳಿಯುವ ತನಕ ಕಾಲುವೆಯ ದಂಡೆ ಹಿಡಿದು ನಡೆದ. ಚಳಿಗಾಲಕ್ಕೆ ನೀರು ಬಿಟ್ಟಿರಲಿಲ್ಲ, ತಳದ ಕೆಸರು ಬಿರಿದು ನಿಂತಿತ್ತು. ಅಂಚೆ ಕಚೇರಿ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ರಶ್ವಾನನ ಸದಸ್ಯತ್ವವನ್ನು ಪ್ರಶ್ನಿಸುವ ಮನವಿ ಇವತ್ತು ಅಷ್ಟರೊಳಗೆ ರಿಜಿಸ್ಟರ್ ಆಗದಿದ್ದರೆ ಗಡುವು ಮುಗಿಯಿತು, ಮತ್ತೆ ಐದು ವರ್ಷ ಬಾಯಿ ಮುಚ್ಚಿಕೊಂಡು ಕೂರಬೇಕು. ಮನವಿಯಲ್ಲಿ ಎಲ್ಲವೂ ಇತ್ತು. ಇಲ್ಲದಿದ್ದದ್ದು ಒಂದೇ, ಸಾಕ್ಷಿಯ ಮುದ್ರೆ. ಬಯ್ಯೂಮಿ ಕಾಫಿ ಸೋಸುತ್ತಾ ಹೇಳುತ್ತಾನೆ, ಕಾಗದ ಮುಂದೆ ಹಿಡಿದರೆ ಹೌಹಾರುತ್ತಾನೆ. ಉಮ್ದಾನ ಮಗನ ವಿರುದ್ಧ ಊರಲ್ಲಿ ಯಾರು ಮುದ್ರೆ ಒತ್ತುತ್ತಾರೆ? ಮೂವತ್ತು ವರ್ಷ ಊರಿನ ಯಜಮಾನಿಕೆ ಮಾಡಿ ಸತ್ತವನ ಮಗ. ಒಬ್ಬಳೇ ಒಬ್ಬಳು ಒತ್ತಬಲ್ಲಳು, ಅವಳ ಮಾತನ್ನು ಯಾವ ಸಭೆಯೂ ತೆಗೆದುಹಾಕುವಂತಿಲ್ಲ. ಹಾಲು ಕುಡಿಸಿದವಳು. ಅವನ ಅವ್ವ. ಹಾಗೆ ನೋಡಿದರೆ ಹನ್ನೆರಡು ದಿನದಿಂದ ಅವನು ಅವ್ವನ ಮುಖ ಸರಿಯಾಗಿ ನೋಡಿರಲಿಲ್ಲ.

ನಿಮ್ಮ ವಯಸ್ಸೆಷ್ಟು, ಎಂದು ಕೇಳಿದ್ದರು. ಚುನಾವಣೆಗೆ ಮುಂಚೆ ಅಭ್ಯರ್ಥಿಯನ್ನು ಆರಿಸಲು ಬಂದಿದ್ದ ಪಕ್ಷದ ಸಮಿತಿಯ ಮುದುಕ, ಜಪಮಣಿ ಎಣಿಸುತ್ತಿದ್ದವನು, ಎಷ್ಟು ಪ್ರೀತಿಯಿಂದ ಕೇಳಿದ್ದ! ಗಮ್ರಾವಿಯವರ ದೊಡ್ಡ ಪಡಸಾಲೆಯಲ್ಲೇ ಸಭೆ, ಅವರದೇ ಕಾಫಿ, ಅವರದೇ ಹಿತ್ತಾಳೆ ತಟ್ಟೆ. ಅದಕ್ಕೆ ಮುಂಚೆ ಕಾಲು ಗಂಟೆ ದಸೂಕಿಯ ಗುಣಗಾನವೇ ನಡೆದಿತ್ತು. ಸಾವಿರದ ಒಂಬೈನೂರ ಹತ್ತೊಂಬತ್ತರಲ್ಲಿ ಇಂಗ್ಲಿಷರ ವಿರುದ್ಧ ನಡೆದ ಗಲಾಟೆಯಲ್ಲಿ ಊರನ್ನು ಎಬ್ಬಿಸಿದವನು, ರೈಲು ಹಳಿ ಕಿತ್ತವರ ಜೊತೆ ಸಿಕ್ಕಿಬಿದ್ದು ಆರು ತಿಂಗಳು ಇಂಗ್ಲಿಷರ ಜೈಲಿನಲ್ಲಿ ಕಲ್ಲು ಒಡೆದವನು, ಮಾತಾಡಲು ನಿಂತರೆ ಎಮ್ಮೆಗಳೂ ಮೇಯುವುದು ಬಿಟ್ಟು ಕೇಳುತ್ತವೆ ಎಂದೆಲ್ಲ. ಅವನ ಎದೆ ಉಬ್ಬುತ್ತಿತ್ತು, ಕುತ್ತಿಗೆಯಲ್ಲಿ ಬಿಸಿ ಏರುತ್ತಿತ್ತು, ರಾಜಧಾನಿಯ ಸಭಾಂಗಣದ ಮೆಟ್ಟಿಲನ್ನು ಅವನಾಗಲೇ ಮನಸ್ಸಿನಲ್ಲಿ ಅರ್ಧ ಏರಿಯಾಗಿತ್ತು. ಆಗ ಆ ಪ್ರಶ್ನೆ. ಇಪ್ಪತ್ತೆಂಟು, ಎಂದ. ಯಾಕೆ ಹೇಳಿದ? ಸುಳ್ಳು ಹೇಳಬಹುದಿತ್ತೇ? ಅವನ ಕಾಗದ ಸುಳ್ಳು ಹೇಳುವ ಕಾಗದವಲ್ಲ, ದಿನ ತಿಂಗಳು ಸಮೇತ ನಿಜ ಹೇಳುತ್ತದೆ, ದರಿದ್ರ ಕಾಗದ. ಛೆ ಛೆ ಛೆ, ಎಂದಿದ್ದ ಮುದುಕ, ಇನ್ನೆರಡೇ ವರ್ಷ ಇತ್ತಲ್ಲಪ್ಪ. ಆಮೇಲೆ ಎಲ್ಲರ ಮುಖ ಒಟ್ಟಿಗೆ ಕಿಟಕಿಯ ಕಡೆ ತಿರುಗಿತು. ಅಲ್ಲಿ ರಶ್ವಾನ್ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ತಳವನ್ನೇ ನೋಡುತ್ತ ಕೂತಿದ್ದ. ಅವನಿಗೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಅವನಿಗೆ ಮೂವತ್ತೊಂದು, ಕಾಗದದಲ್ಲಿ ಇತ್ತು.

ಊರಲ್ಲಿ ಅರ್ಧ ಜನ ಸತ್ತ ಅಣ್ಣಂದಿರ ಕಾಗದದಲ್ಲೇ ಬದುಕುತ್ತಿದ್ದಾರೆ. ಮೊದಲ ಮಗು ಹುಟ್ಟಿದಾಗ ಊರಿನ ಕ್ಷೌರಿಕ ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಯುತ್ತಾನೆ, ಹುಟ್ಟು ಸಾವು ಎರಡನ್ನೂ ಬರೆಯುವವನು ಅವನೇ. ಮಗು ಸಾಯುತ್ತದೆ. ಸಾವನ್ನು ಬರೆಸಲು ಯಾರಿಗೂ ಮನಸ್ಸು ಬರುವುದಿಲ್ಲ. ಮತ್ತೊಂದು ಹುಟ್ಟುತ್ತದೆ, ಅಜ್ಜನ ಹೆಸರು ಅಳಿಯಬಾರದೆಂದು ಅದಕ್ಕೂ ಅದೇ ಹೆಸರು, ಪುಸ್ತಕದಲ್ಲಿ ಅದು ಹೇಗೂ ಬದುಕಿದೆ, ಮತ್ತೆ ಬರೆಸುವ ಗೊಡವೆ ಯಾರಿಗೆ ಬೇಕು. ಹೀಗೆ ಎಷ್ಟೋ ಜನ ಸೈನ್ಯದ ಕರೆ ಬಂದಾಗ ಒದ್ದಾಡಿದ್ದಾರೆ, ಎಷ್ಟೋ ಜನ ತಪ್ಪಿಸಿಕೊಂಡಿದ್ದಾರೆ. ಆದರೆ ಇಂಥ ಕಾಗದ ಏರಿ ಪಾರ್ಲಿಮೆಂಟಿಗೆ ಹೋದವನು ರಶ್ವಾನನೊಬ್ಬನೇ. ಮತ್ತೆ ಅದನ್ನು ನಕಲು ಮಾಡಿ ಅರ್ಜಿಗೆ ಲಗತ್ತಿಸಿದವನು ಯಾರು? ವಕೀಲರ ಗುಮಾಸ್ತ ದಸೂಕಿ ಎಫೆಂದಿ! ರಶ್ವಾನನೇ ತಂದು ಮೇಜಿನ ಮೇಲೆ ಇಟ್ಟಿದ್ದ. "ಇದು ದೊಡ್ಡವನದು, ನಿನಗೆ ಗೊತ್ತಲ್ಲ," ಎಂದಿದ್ದ ಮುಚ್ಚುಮರೆಯಿಲ್ಲದೆ. ಆಮೇಲೂ ಹೋಗದೆ, ಇನ್ನೇನೋ ಹೇಳುವವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದ. ದಸೂಕಿ ತಲೆ ಎತ್ತಲಿಲ್ಲ. ಅವನ ಬರವಣಿಗೆಯಲ್ಲಿ ಆ ಸುಳ್ಳು ವರ್ಷ ಎಷ್ಟು ಅಂದವಾಗಿ ಮೂಡಿತ್ತೆಂದರೆ, ಅಚ್ಚಿನವನೂ ನಾಚಬೇಕು.

ಅದಿರಲಿ, ಕೈಯಿಟ್ಟು ಫಾತಿಹಾ ಓದಿದ್ದಕ್ಕೆ ಏನು ಹೇಳುವುದು? ಸಭೆ ಮುಗಿಯುವಾಗ ಮುದುಕ ರಶ್ವಾನನ ಕೈಯನ್ನು ಎಳೆದು ಅದರ ಮೇಲೆ ದಸೂಕಿಯ ಕೈಯನ್ನು ಇಟ್ಟಿದ್ದ. ಎಲ್ಲರೂ ಕಣ್ಣು ಮುಚ್ಚಿ ಕುರಾನಿನ ಮೊದಲ ಅಧ್ಯಾಯ ಹೇಳಿ, ದಸೂಕಿ ರಶ್ವಾನನ ಬೆನ್ನಿಗೆ ನಿಲ್ಲುವ ಮಾತು ಗಟ್ಟಿಯಾಯಿತು ಎಂದು ಮುಖ ಸವರಿಕೊಂಡಿದ್ದರು. ಕೆಳಗಿನ ಕೈ ಬೆಚ್ಚಗಿತ್ತು, ತನ್ನದು ತಣ್ಣಗಿತ್ತು, ಅದು ಅವನಿಗೆ ಗೊತ್ತಾದೀತೆಂದು ನಾಚಿಕೆಯಾಗಿತ್ತು. ತುಟಿ ಆಡಿಸಿದ್ದು ನಿಜ. ಕಡೆಯ ಸಾಲನ್ನು ನಿಜವಾಗಿ ಹೇಳಿದ್ದೆನೇ? ಹೇಳದಿದ್ದರೆ ಮಾತು ಅಂಟುವುದಿಲ್ಲ. ಹನ್ನೆರಡು ದಿನದಿಂದ ಅವನು ಇದನ್ನೇ ಅಗೆಯುತ್ತಿದ್ದ. ಒಮ್ಮೊಮ್ಮೆ ಹೇಳಲಿಲ್ಲವೆಂದು ಖಚಿತವಾಗುತ್ತಿತ್ತು, ಒಮ್ಮೊಮ್ಮೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದು ಕಿವಿಯಲ್ಲೇ ಕೇಳುತ್ತಿತ್ತು. ಹೇಳಿದ್ದರಿಂದಲೇ ಇರಬೇಕು, ಬೀದಿಯ ಮೂವತ್ತು ಮನೆಯವರು ತಮ್ಮ ಪರವಾಗಿ ಮತ ಹಾಕಲು ಆರಿಸಿ ಕಳಿಸಿದ ಪ್ರತಿನಿಧಿಯಾಗಿ ತಾಲ್ಲೂಕು ಕಚೇರಿಗೆ ಹೋದ ದಿನ, ಚೀಟಿಯ ಮೇಲೆ ತನ್ನ ಕೈಯಾರೆ ರಶ್ವಾನನ ಹೆಸರನ್ನೇ ಬರೆದ. ಎಂಥ ಕೈ ನಿಮ್ಮದು ಎಫೆಂದಿ, ಎಂದು ಅಧಿಕಾರಿ ಮೆಚ್ಚಿದ್ದ. ಇಪ್ಪತ್ತೆಂಟು ವರ್ಷಕ್ಕೆ ಓಟು ಹಾಕಬಹುದು. ಹಾಕಿಸಿಕೊಳ್ಳುವ ಹಾಗಿಲ್ಲ.

ಮನೆಯ ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಹೆಂಡತಿ ಇನ್ಶಿರಾಹ್ ಮಂಡಿಯೂರಿ ಕೂತು ರೊಟ್ಟಿ ಒಳಗೆ ತಳ್ಳುತ್ತಿದ್ದಳು. ತಲೆಯ ಮೇಲೆ ಬೂದಿ.

"ಏನು ಇಷ್ಟೊತ್ತಿಗೇ? ವಕೀಲರು ಓಡಿಸಿದ್ರಾ?"

"ಅವ್ವ ಎಲ್ಲಿ?"

"ಬಿಸಿಲಿಗೆ ಕೂತಿದ್ದಾರೆ, ಹಿಂದೆ. ಅವರ ಹತ್ರ ಹೋಗೋ ಮುಂಚೆ ಮುಖಕ್ಕೊಂದಿಷ್ಟು ನೀರು ಹಾಕ್ಕೊ. ನಿನ್ನ ಮುಖ ನೋಡಿದ್ರೆ ಕುಡಿಕೇಲಿರೋ ಹಾಲು ಒಡೀತದೆ."

"ಸುಮ್ನಿರೆ."

"ಸುಮ್ನೇ ಇದೀನಿ ಹನ್ನೆರಡು ದಿನದಿಂದ. ಗೆದ್ದೋನು ಅವನು, ಹೆಣ ಬಿದ್ದ ಹಾಗಿರೋದು ನಮ್ಮನೆ. ಸತ್ತೋರು ಯಾರು ಅಂತ ಪಕ್ಕದ ಮನೆಯವಳು ಕೇಳಿದ್ಲು, ಏನು ಹೇಳ್ಲಿ?"

ಜೈಲಿನಲ್ಲಿದ್ದ ಆರು ತಿಂಗಳೂ ಈ ಮನೆಗೆ ವಾರಕ್ಕೊಂದು ಸಲ ಗಮ್ರಾವಿಯವರ ಕತ್ತೆ ಗೋಧಿ, ಬೆಣ್ಣೆ ಹೊತ್ತು ಬಂದಿತ್ತು ಎಂದು ಹೇಳಿದವಳು ಇವಳೇ. ಬಿಡುಗಡೆಯಾಗಿ ಬಂದ ದಿನ, ಊಟಕ್ಕೆ ಕೂತಾಗ. ಬಾಯಲ್ಲಿದ್ದ ತುತ್ತನ್ನು ನುಂಗಲು ಅವನಿಗೆ ಎಷ್ಟು ಹೊತ್ತು ಹಿಡಿದಿತ್ತು! ಇವನು ಕೆಟ್ಟವನಾದರೂ ಆಗಿರಬಾರದೇ, ಎಂದು ರಶ್ವಾನನ ಬಗ್ಗೆ ಎಷ್ಟು ಸಲ ಅಂದುಕೊಂಡಿಲ್ಲ. ಮಸೀದಿಯ ಶಾಲೆಯಲ್ಲಿ ಗುರುಗಳು ದಸೂಕಿಯ ಮೇಲೆ ಕೋಲು ಎತ್ತಿದಾಗ ತಾನು ಕೈ ಮುಂದೆ ಚಾಚುತ್ತಿದ್ದ ಹುಡುಗ. ಹೊಸ ಚಪ್ಪಲಿ ಸಿಕ್ಕಾಗ ಒಂದನ್ನು ದಸೂಕಿಗೆ ಹಾಕಿ, ಇಬ್ಬರೂ ಒಂದೊಂದು ಕಾಲಿಗೆ ಹಾಕಿಕೊಂಡು ಕುಂಟುತ್ತಾ ಊರು ಸುತ್ತಿದ್ದರು. ಊರು ನಕ್ಕಿತ್ತು, ರಶ್ವಾನನೂ ನಕ್ಕಿದ್ದ. ದಸೂಕಿಗೆ ಮಾತ್ರ ತನ್ನ ಬರಿಗಾಲೇ ಕಾಣುತ್ತಿತ್ತು.

ಅವ್ವ ನಬವಿಯ್ಯ ಗೋಡೆಗೆ ಒರಗಿ, ಕಾಲು ಚಾಚಿ, ಮೊರದಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಕಣ್ಣು ಮಂಜಾಗಿತ್ತು, ಬೆರಳೇ ಕಲ್ಲನ್ನು ಹುಡುಕಿ ತೆಗೆಯುತ್ತಿತ್ತು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಏನೆಂದು ಶುರು ಮಾಡುವುದು? ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ವಕೀಲರ ಮಾತಾಗಿತ್ತು.

"ಅವ್ವಾ, ನಿನ್ನ ಮುದ್ರೆ ಬೇಕಿತ್ತು."

ಅವಳು ಕೊರಳಿಗೆ ಕೈಹಾಕಿ ದಾರ ಎಳೆದಳು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಿತ್ತಾಳೆಯ ಮುದ್ರೆ, ಅವಳ ಹೆಸರು ಕೆತ್ತಿದ್ದು, ಓದು ಬಾರದವರ ರುಜು. ಗಂಡ ಸತ್ತ ಮೇಲೆ ಅದನ್ನು ಮೈಯಿಂದ ತೆಗೆದವಳಲ್ಲ.

"ಯಾತಕ್ಕೆ?"

"ಒಂದು ಕಾಗದಕ್ಕೆ. ನನಗೂ ರಶ್ವಾನನಿಗೂ ನೀನು ಒಟ್ಟಿಗೆ ಹಾಲು ಕುಡಿಸಿದೆ ಅಂತ."

"ಯಾರಿಗೆ ಬೇಕಂತೆ ಅದು?"

"ಪಾರ್ಲಿಮೆಂಟಿಗೆ."

ನಬವಿಯ್ಯಳ ಬೆರಳು ಬೇಳೆಯ ನಡುವೆ ನಿಂತಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನನ್ನ ಹಾಲಿನ ಸುದ್ದಿ ಪಾಷಾಗಳಿಗೆ ಯಾಕಪ್ಪ? ಅವರಿಗೇನು ಮೊಲೆ ಬಿಡಿಸಿಲ್ವಾ ಇನ್ನೂ?"

ಅವನು ನಗಲಿಲ್ಲ. ಅವನು ನಗದಿದ್ದದ್ದು ಅವಳಿಗೆ ಕೇಳಿಸಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಏನು ಬರೆದಿದ್ದೀಯ? ಸರಿಯಾಗಿ ಹೇಳು."

ಹೇಳಿದ. ಹೇಳುತ್ತಾ ಹೋದ ಹಾಗೆ ಧ್ವನಿಗೆ ಬಲ ಬಂತು. ಕಾನೂನು ಎಂದರೆ ಕಾನೂನು, ಉಮ್ದಾನ ಮಗನಿಗೊಂದು ದಾಯಿಯ ಮಗನಿಗೊಂದು ಅಲ್ಲ. ಅವನದೂ ನನ್ನದೂ ಒಂದೇ ವಯಸ್ಸು. ನನ್ನನ್ನು ಬಾಗಿಲಾಚೆ ನಿಲ್ಲಿಸಿದ ವಯಸ್ಸು ಅವನನ್ನು ಒಳಗೆ ಬಿಡಬಾರದು. ಸತ್ತ ಮಗುವಿನ ಕಾಗದ ಜೋಪಾನ ಮಾಡಿಟ್ಟುಕೊಂಡಿದ್ದಾರೆ ನೋಡು ದೊಡ್ಡವರು, ಯಾವತ್ತಾದರೂ ಉಪಯೋಗಕ್ಕೆ ಬರಲಿ ಅಂತ! ಅದನ್ನೂ ಬರೆದಿದ್ದೇನೆ, ಕೇಳು, ಎಂದು ಕಾಗದ ಬಿಚ್ಚಿ, ತನಗೆ ಬಹಳ ಇಷ್ಟವಾಗಿದ್ದ ಸಾಲನ್ನು ಗಟ್ಟಿಯಾಗಿ ಓದಿದ. "ಆ ಮೊದಲ ಮಗು ಎಲ್ಲಿ, ಹೇಗೆ, ಯಾರ ಕೈಯಲ್ಲಿ ಸತ್ತಿತು, ಅದರ ಸಾವನ್ನು ಯಾರ ಹಿತಕ್ಕಾಗಿ ಸರ್ಕಾರದಿಂದ ಮುಚ್ಚಿಟ್ಟರು ಎಂಬುದನ್ನು ಗೌರವಾನ್ವಿತ ಸಭೆಯು ವಿಚಾರಿಸಬೇಕೆಂದು ಕೋರುತ್ತೇನೆ." ಓದಿ ಮುಗಿಸಿದಾಗ ಚಪ್ಪಾಳೆಗೆ ಕಾಯುವವನ ಹಾಗೆ ಒಂದು ಕ್ಷಣ ತಡೆದ. ಅಂಗಳದಲ್ಲಿ ಇನ್ಶಿರಾಹ್ ರೊಟ್ಟಿಯ ಬೂದಿ ಕೊಡವುವ ಸದ್ದು ಕೇಳುತ್ತಿತ್ತು.

"ನನ್ನ ಹಿತಕ್ಕೆ," ಎಂದಳು ಅವ್ವ.

"ಏನು?"

"ಯಾರ ಹಿತಕ್ಕೆ ಅಂತ ಕೇಳಿದ್ಯಲ್ಲ. ನನ್ನ ಹಿತಕ್ಕೆ ಮಗಾ. ಆ ಕೂಸು ನನ್ನ ಕೈಯಲ್ಲೇ ಹೋಯ್ತು."

ಅವಳು ಅವನ ಕಡೆ ನೋಡುತ್ತಿರಲಿಲ್ಲ. ಗೋಡೆಯ ಬಿಸಿಲನ್ನು ನೋಡುತ್ತಿದ್ದಳು. "ನೀನು ಹುಟ್ಟಿರ್ಲಿಲ್ಲ. ನಿನ್ನ ಅಕ್ಕ ಕಂಕುಳಲ್ಲಿದ್ಲು, ನನಗಿನ್ನೂ ಹದಿನೆಂಟು. ಉಮ್ದಾನ ಹೆಂಡತಿ ತಫೀದಾ ಅಮ್ಮನಿಗೆ ಹಾಲು ನಿಂತಿತ್ತು, ನನ್ನ ಕರೆಸಿದ್ರು. ಮೂರು ತಿಂಗಳ ಕೂಸು, ಕೆಂಪಗೆ ದಾಳಿಂಬೆ ಹಾಗಿತ್ತು. ಬೆಳಗಿನಿಂದ ಗೋಧಿ ತೊಳೆದಿದ್ದೆ ಅವತ್ತು, ಮಟಮಟ ಮಧ್ಯಾಹ್ನ, ಹಾಲು ಕೊಡ್ತಾ ಕೊಡ್ತಾ ಮಲಗಿಬಿಟ್ಟೆ. ಎದ್ದು ನೋಡ್ತೀನಿ, ಕೂಸಿನ ಮೇಲೆ ಮಗ್ಗುಲಾಗಿದ್ದೀನಿ."

ಕಾಗದ ಅವನ ಕೈಯಲ್ಲಿ ಬಿಚ್ಚಿಕೊಂಡೇ ಇತ್ತು, ಮಡಿಸಲು ಆಗಲಿಲ್ಲ.

"ತಫೀದಾ ಅಮ್ಮ ಬಂದು ನೋಡಿದ್ರು. ಹೊಡೀತಾರೆ ಅಂದ್ಕೊಂಡೆ, ಹೊಡೆದಿದ್ರೆ ಚೆನ್ನಾಗಿತ್ತು. ಕ್ಷೌರಿಕ ಪುಸ್ತಕ ಹಿಡ್ಕೊಂಡು ಬಂದ. ಸಾವು ಅಂತ ಬರೆದ್ರೆ ತಾಲ್ಲೂಕಿನ ಡಾಕ್ಟರು ಬರ್ತಾನೆ, ಮೈಮೇಲೆ ಕಪ್ಪಗಿದ್ದಿದ್ದನ್ನ ನೋಡ್ತಾನೆ, ಆಮೇಲೆ ಪೊಲೀಸು. ಆಯಮ್ಮ ಬಾಗಿಲಲ್ಲಿ ನಿಂತು ಹೇಳಿದ್ರು, 'ಪುಸ್ತಕ ಮುಚ್ಚಿ ಮನೆಗೆ ಹೋಗು, ಈ ಹುಡುಗಿಗೂ ಒಂದು ಕೂಸಿದೆ' ಅಂತ. ಇಷ್ಟೇ ಅಂದಿದ್ದು. ಉಮ್ದಾನ ಬಾಯಿ ಮುಚ್ಚಿಸಿದ್ದೂ ಅವರೇ. ಮೂರು ವರ್ಷ ಆದ ಮೇಲೆ ಈ ರಶ್ವಾನ ಹುಟ್ಟಿದ, ನೀನು ಹುಟ್ಟಿದೆ. ಮತ್ತೆ ನನಗೇ ಹೇಳಿಕಳಿಸಿದ್ರು ಕಣೋ! ನಾನು ಬರಲ್ಲ ಅಂತ ನೆಲ ಹಿಡ್ಕೊಂಡು ಅತ್ತೆ. ಅವರೇ ಇಲ್ಲಿಗೆ ನಡೆದು ಬಂದು, ಈ ತೊಡೆ ಮೇಲೆ ಹಾಕಿದ್ರು ಕೂಸನ್ನ. ಅವತ್ತಿಂದ ಇಬ್ಬರೂ ಮೊಲೆ ಬಿಡೋ ತನಕ ಕೂತೇ ಹಾಲು ಕೊಟ್ಟೆ. ಬೆನ್ನು ನೆಲಕ್ಕೆ ತಾಗಿಸಲಿಲ್ಲ."

ಕಾಲುವೆ ಕಟ್ಟೆಯ ಮೇಲೆ ಕೂತದ್ದು ಅದಕ್ಕೆ. ಒಂದು ತೊಡೆಯ ಮೇಲೆ ಇವನು, ಇನ್ನೊಂದರ ಮೇಲೆ ಅವನು, ಬೀದಿಯವರೆಲ್ಲ ನೋಡುವ ಕಡೆ, ನಿದ್ದೆ ಬಾರದಿರಲೆಂದು. ಬಯ್ಯೂಮಿ ಅದನ್ನು ನೋಡಿ ಎಂಥ ಹೆಂಗಸು ಎಂದಿದ್ದ. ದಸೂಕಿಗೆ ಅವ್ವನ ಮೇಲೆ ಕನಿಕರ ಬಂತು, ನಿಜವಾಗಿ ಬಂತು. ಆದರೆ ಅದರ ಬೆನ್ನಿಗೇ, ಅದನ್ನು ತಳ್ಳಿಕೊಂಡು, ಇನ್ನೊಂದು ಬಂತು, ಅವನಿಗೆ ಚಿರಪರಿಚಿತವಾದ ಹುಳಿ. ಇದೂ ಅವರ ಪಾಲಿಗೇ ಹೋಯಿತಲ್ಲ! ಹೊಲ ಅವರದು, ಪಡಸಾಲೆ ಅವರದು, ಸದಸ್ಯತ್ವ ಅವರದು. ಕಡೆಗೆ ಕ್ಷಮೆಯೂ ಅವರದೇ. ಮೋಸವೆಂದು ಅವನು ಹನ್ನೆರಡು ದಿನ ಜೇಬಿನಲ್ಲಿಟ್ಟು ಬೆಚ್ಚಗೆ ಕಾಪಾಡಿದ್ದ ವಸ್ತು ಬಿಚ್ಚಿ ನೋಡಿದರೆ ಒಬ್ಬ ಹೆಂಗಸಿನ ದೊಡ್ಡತನ. ಅದರ ಎದುರಿಗೆ ತಾನು ಯಾವುದನ್ನು ಇಡಲಿ?

"ಅವನಿಗೆ ಗೊತ್ತಾ ಇದು?" ಎಂದ. ತನ್ನ ಧ್ವನಿ ತನಗೇ ಸಣ್ಣದಾಗಿ ಕೇಳಿತು.

"ಗೊತ್ತು. ಸಾಯೋ ಮುಂಚೆ ಅವರವ್ವ ಹೇಳಿದ್ರಂತೆ. ಅರ್ಜಿ ಹಾಕೋ ಮುಂಚೆ ಬಂದಿದ್ದ ಇಲ್ಲಿಗೆ. ನೀನು ಕಚೇರಿಗೆ ಹೋಗಿದ್ದೆ. ಇಲ್ಲೇ ಕೂತಿದ್ದ, ನೀನು ಕೂತಿರೋ ಜಾಗದಲ್ಲೇ. 'ಯಾರಾದರೂ ವಯಸ್ಸಿನ ಮಾತು ಎತ್ತಿದ್ರೆ ದೊಡ್ಡವನು ಹೇಗೆ ಸತ್ತ ಅಂತ ಕೇಳ್ತಾರೆ. ನಿನ್ನ ಹೆಸರು ಬರುತ್ತೆ. ನಿಲ್ಲು ಅಂದ್ರೆ ನಿಲ್ತೀನಿ, ಬೇಡ ಅಂದ್ರೆ ಬೇಡ' ಅಂದ. ನಾನೇ ನಿಲ್ಲು ಅಂದೆ."

"ನೀನು."

"ಹೂಂ, ನಾನೇ."

"ನನಗೆ ಆಸೆ ಇತ್ತು ಅಂತ ನಿನಗೆ ಗೊತ್ತಿರ್ಲಿಲ್ವಾ ಅವ್ವಾ?"

"ಗೊತ್ತಿತ್ತು," ಎಂದಳು. "ನಿನಗೆ ಹೊಟ್ಟೆ ಉರೀತದೆ ಅಂತಾನೂ ಗೊತ್ತಿತ್ತು. ಚಿಕ್ಕೋನಿದ್ದಾಗ ಅವನು ಕುಡಿಯೋವಾಗ ನೀನು ಹೊಟ್ಟೆ ತುಂಬಿದ್ರೂ ಬಿಡ್ತಿರ್ಲಿಲ್ಲ, ಅವನ ಕಿವಿ ಹಿಡ್ಕೊಂಡು ಎಳೀತಿದ್ದೆ. ಆದರೆ ಅವನು ನನ್ನ ಕೇಳಿದ ಮಗಾ. ಇಷ್ಟು ವರ್ಷದಲ್ಲಿ ಯಾರಾದರೂ ಬಂದು, ನಬವಿಯ್ಯಾ, ನಿನ್ನ ಮಾತೇನು ಅಂತ ಕೇಳಿದ್ದು ಅದೊಂದೇ ಸಲ."

ಮುದ್ರೆಯನ್ನು ಕೊರಳಿನಿಂದ ಬಿಚ್ಚಿ ತೊಡೆಯ ಮೇಲೆ ಇಟ್ಟಳು. "ಈಗ ನೀನೂ ಕೇಳಿದ್ದೀಯ. ಬೇಕಂದ್ರೆ ಒತ್ತುತ್ತೀನಿ. ನನ್ನ ಏನು ಮಾಡ್ತಾರೆ ಈಗ? ಮಾಡಿದ್ರೂ ಮಾಡ್ಲಿ, ಹೇಳಿ ಹಗುರ ಆಗ್ತೀನಿ. ಆದರೆ ಓದಿಸದೆ ಒತ್ತಬೇಡ ಅಂತ ನಿಮ್ಮಪ್ಪ ಹೇಳಿ ಹೋಗಿದ್ದಾನೆ. ಮೊದಲಿಂದ ಕೊನೆ ತನಕ ಓದು, ಕೇಳ್ತೀನಿ."

ಅವನು ಕಾಗದವನ್ನು ಮುಖದ ಮುಂದೆ ಹಿಡಿದ. ಗೌರವಾನ್ವಿತ ಸಭೆಯ ಅಧ್ಯಕ್ಷರಿಗೆ, ಎಂದು ಶುರುವಾಗಿತ್ತು. ಕಣ್ಣು ಅಲ್ಲೇ ಇತ್ತು, ಬಾಯಿ ಮಾತ್ರ ಬೇರೆಯೇ ಒಂದನ್ನು ಓದಲು ತೊಡಗಿತು. "ರಶ್ವಾನನಿಗೆ ಸಲಾಮು. ನೀನು ಸದಸ್ಯನಾದ ಸುದ್ದಿ ನಮ್ಮ ಮನೆಗೆ ಬಂದು ಹನ್ನೆರಡು ದಿನವಾಯಿತು. ಕಾಗದ ಬರೆಯಲು ತಡವಾಯಿತು, ತಪ್ಪು ನನ್ನ ಮಗನದು, ಅವನಿಗೆ ಮೈ ಸರಿಯಿರಲಿಲ್ಲ." ಎಲ್ಲಿಂದ ಬರುತ್ತಿತ್ತೋ ಮಾತು. ಅಲ್ಲಿ ಎದ್ದು ನಿಂತಾಗ ಈ ಕಾಲುವೆಯನ್ನು ಮರೆಯಬೇಡ, ನೀರು ಬಿಡದ ತಿಂಗಳುಗಳನ್ನು ಹೇಳು, ಕ್ಷೌರಿಕನ ಪುಸ್ತಕದಲ್ಲಿ ಸತ್ತವರಾಗಿ ಕೂಡ ದಾಖಲಾಗದ ಕೂಸುಗಳನ್ನು ಹೇಳು, ನಮ್ಮ ಹೆಣ್ಣುಮಕ್ಕಳು ಕೂತೇ ನಿದ್ದೆಗೆಡುವುದನ್ನು ಹೇಳು. ಒಂದೊಂದು ವಾಕ್ಯವೂ ಹಿಂದಿನದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಮಸೀದಿಯ ಮುಂದೆ, ರೈಲು ನಿಲ್ದಾಣದಲ್ಲಿ, ಜೈಲಿನ ಅಂಗಳದಲ್ಲಿ ಅವನು ಇಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ. ಸಭೆಯಲ್ಲಿ ತಾನು ಎದ್ದು ನಿಂತು ಆಡಬೇಕಾಗಿದ್ದ ಮಾತು ಇದೇ, ಈ ಹಿತ್ತಿಲಲ್ಲಿ, ಬೇಳೆಯ ಮೊರದ ಮುಂದೆ, ಇನ್ನೊಬ್ಬನ ಹೆಸರಿಗೆ ಖರ್ಚಾಗಿ ಹೋಗುತ್ತಿದೆಯಲ್ಲ ಎಂದು ಓದುತ್ತ ಓದುತ್ತಲೇ ಅವನಿಗೆ ಅಳು ಬಂತು. ಅಳು ಅವ್ವನಿಗಾಗಿ ಅಲ್ಲ, ಸತ್ತ ಕೂಸಿಗಾಗಿಯೂ ಅಲ್ಲ. ಅದು ಅವನಿಗೆ ಗೊತ್ತಿತ್ತು. ಓದಿ ಮುಗಿಸಿದ.

"ಇಷ್ಟೂ ಇದೆಯಾ ಅದರಲ್ಲಿ?"

"ಇದೆ."

ಅವಳಿಗೆ ಓದು ಬಾರದು. ಕೈಚಾಚಿ ಕಾಗದದ ಅಂಚನ್ನು ಹಿಡಿದು, ಒಂದೇ ಹಾಳೆ ಎಂದು ಬೆರಳಲ್ಲೇ ನೋಡಿಕೊಂಡಳು.

"ಚೆನ್ನಾಗಿ ಬರೀತೀಯ ಮಗಾ," ಎಂದಳು. "ಕೆಳಗೆ ನನ್ನ ಹೆಸರು ಹಾಕಬೇಡ. ಹೆಸರು ಮುದ್ರೇಲೇ ಇದೆ. 'ನಿನ್ನವ್ವ' ಅಂತ ಹಾಕು."

"ಅವ್ವಾ."

"ಅವನಿಗೆ ಇನ್ಯಾರಿದ್ದಾರೆ ಈಗ? ಬರಿ."

ಆ ಒಂದು ಪದ ಕೆಳಗೆ ಬಿದ್ದರೆ ಮನವಿ ಮನವಿಯಾಗಿ ಉಳಿಯುವುದಿಲ್ಲ. ಇನ್ನೊಂದು ಪ್ರತಿ ಮಾಡಲು ಹೊತ್ತೂ ಇಲ್ಲ, ಅಂಚೆ ಕಚೇರಿ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ ಅವನ ಕೈ ತಡೆದದ್ದು ಬೇರೆ. ಚಪ್ಪಲಿ ಹಂಚಿಕೊಂಡಿದ್ದ, ಹಾಲು ಹಂಚಿಕೊಂಡಿದ್ದ, ಅವನ ಮನೆಯ ಗೋಧಿ ತಿಂದಿದ್ದ, ಓಟು ಕೊಟ್ಟಿದ್ದ. ಯಾವತ್ತೂ ಯಾರಿಗೂ ಬರೆದುಕೊಡದೆ ಉಳಿಸಿಕೊಂಡದ್ದು ಅವ್ವ ಎಂಬ ಇದೊಂದೇ ಪದ. ಅವ್ವ ಅವನು ಜೊತೆಗೆ ತಂದಿದ್ದ ಮಸಿಕುಡಿಕೆಯಿಂದ ಮುದ್ರೆಗೆ ಮಸಿ ಸವರಿ, ಬಾಯಿಯ ಹಬೆ ಕೊಟ್ಟು, ಕಾಣದ ಕಣ್ಣಿನಿಂದ ಅವನ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಅವನು ಕಾಗದವನ್ನು ಮಂಡಿಯ ಮೇಲೆ ಹರಡಿ, ಲೇಖನಿ ಅದ್ದಿ, ನಿನ್ನವ್ವ ಎಂದು ಬರೆದ. ಅಕ್ಷರ ಯಾವತ್ತಿನಂತೆ ಅಂದವಾಗಿಯೇ ಬಂತು. ಎಲ್ಲಿ ಒತ್ತಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವನೇ ಅವಳ ಬೆರಳು ಹಿಡಿದು ಅಲ್ಲಿಗೆ ಒಯ್ದು ಒತ್ತಿಸಿದ.